ಹೂಂ ಅನ್ನುವವರು

ಕ್ಯಾಸೆಟ್ಟುಗಳು ಇನ್ನೂ ಪೂರ್ತಿ ಸತ್ತಿರದ, ಸಿ.ಡಿ.ಗಳು ಆಗಲೇ ಹುಟ್ಟಿ ಕನ್ನಡಿಯಂತೆ ಮಿನುಗತೊಡಗಿದ್ದ ಒಂದು ಕಾಲದಲ್ಲಿ, ಘಟಪ್ರಭೆಯ ದಂಡೆಯ ಊರೊಂದರಲ್ಲಿ, ಒಬ್ಬಳು ಹುಡುಗಿಯ ಕೈಗೆ ಅರಮನೆಯೊಂದರ ಬೀಗದಕೈ ಗೊಂಚಲು ಬಂತು. ಎಲ್ಲ ಕೋಣೆ ತೆಗೆದು ನೋಡು, ಬಡಗಣ ದಿಕ್ಕಿನ ಕೋಣೆಯೊಂದನ್ನು ಮಾತ್ರ ತೆಗೆಯಬೇಡ ಎಂದು ಹೇಳಿ ಅರಮನೆಯ ಒಡೆಯ ಪರವೂರಿಗೆ ಹೋದ. ಹೀಗೆ ಶುರುವಾದ ಕತೆಯಲ್ಲಿ ಮುಂದಿನದು ಕೇಳುವವರಿಗೆ ಗೊತ್ತೇ ಇರುತ್ತದೆ. ಅವಳು ತೆಗೆಯುತ್ತಾಳೆ. ತೆಗೆಯದಿದ್ದರೆ ಹೇಳುವವರೂ ಕೇಳುವವರೂ ಆಗಲೇ ದೀಪ ಆರಿಸಿ ಮಲಗಬೇಕಾಗುತ್ತದೆ. ಅರಮನೆಯೆಂದರೆ ಗೋಕಾಕ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಅಭಿನಂದನನ ಸ್ಟುಡಿಯೋ. ಮುಂದೆ ಪಾಸ್‌ಪೋರ್ಟ್ ಫೋಟೋ ತೆಗೆಯುವ ನೀಲಿ ಪರದೆ, ಹಿಂದೆ ಪ್ಲೈವುಡ್ಡಿನ ಅಡ್ಡಗೋಡೆಯ ಆಚೆ ಒಂದು ಕಂಪ್ಯೂಟರು, ಒಂದು ಟೇಪ್ ಡೆಕ್ಕು, ಬೇಸಿಗೆಯಲ್ಲಿ ಬೆವರುವ ಒಂದು ಪ್ಲಾಸ್ಟಿಕ್ ಕುರ್ಚಿ. ಹುಡುಗಿಯೆಂದರೆ ನಂದಿನಿ. ಬಡಗಣ ಕೋಣೆಯೆಂದರೆ ದನಿ ತಿದ್ದುವ ಸಾಫ್ಟ್‌ವೇರಿನ ಮೆನುವಿನಲ್ಲಿ ಎಲ್ಲಕ್ಕಿಂತ ಕೆಳಗೆ, ಬಾಗಿದ ಅಕ್ಷರಗಳಲ್ಲಿ, ಪಕ್ಕದಲ್ಲೊಂದು ಹಳದಿ ತ್ರಿಕೋನ ಇಟ್ಟುಕೊಂಡು ಕೂತಿದ್ದ ಒಂದು ಸಾಲು: ಎಕ್ಸ್‌ಪೆರಿಮೆಂಟಲ್, ಬೀಟಾ.

ಆ ಸಾಫ್ಟ್‌ವೇರು ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿತ್ತು. ಅಭಿನಂದನ ಅದನ್ನು ಹಾಕಿದ ದಿನವೇ ಹೇಳಿದ್ದ. "ಕೆಳಗಿನ ಈ ಬೀಟಾ ಸಾಲು ಇನ್ನ ಹಸೀ ಐತಿ ನಂದಿನಿ. ಅಡಗಿ ಮಾಡಿದವರು ತಾವು ರುಚಿ ನೋಡಿಲ್ಲ, ನಮ್ಮ ಬಾಯಾಗ ಹಾಕಿ ನೋಡಾಕತ್ತಾರ. ಖಾಲಿ ಇದ್ದಾಗ ಆಟಾ ಆಡು. ಗಿರಾಕಿ ಕೆಲಸಕ್ಕ ಹಚ್ಚಬ್ಯಾಡ." ಅವಳು ಹೂಂ ಅಂದಿದ್ದಳು. ಈಗ ಆ ಹೂಂ ನೆನಪಾಗುತ್ತಿತ್ತು. ಎಷ್ಟು ಸಲೀಸಾಗಿ ಬರುತ್ತದೆ ಅದು, ಬಾಯಿ ಕೂಡ ತೆರೆಯಬೇಕಿಲ್ಲ. ಮೂಡಲಗಿಯ ಕಮಲಾಬಾಯಿ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, "ನನ್ನ ಮೊಮ್ಮಗಳು ಸಣ್ಣಾಕಿ ಇದ್ದಾಗ ನಾ ಹೇಳಿದ ಕತಿ ಐತವ್ವಾ. ಈಗ ಆಕೀನ ಕೂಸು ತೊಟ್ಟಿಲದಾಗ ಐತಿ. ಹುಕ್ಕೇರಿಗೆ ಗಂಡನ ಮನಿಗೆ ಹೋಗೂಮುಂದ ಆಕಿ ಕೈಯಾಗ ಕೊಡಬೇಕು. ಎಲ್ಲಾ ಬರಬೇಕ ನೋಡು, ಒಂದೂ ಬಿಡಬ್ಯಾಡ" ಎಂದಾಗಲೂ ಅವಳು, ಎದುರಿಗಿದ್ದ ಫೋಟೋಗಳನ್ನು ಕತ್ತರಿಯಿಂದ ಕತ್ತರಿಸುತ್ತ, ತಲೆಯೆತ್ತದೆ, "ಹೂಂ ರಿ ಆಯಿ" ಅಂದಿದ್ದಳು. ಒಂದೂ ಬಿಡಬೇಡ ಎಂದರೆ ಏನನ್ನು ಎಂದು ಕೇಳಿರಲಿಲ್ಲ. ಟೇಪಿನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸುವಾಗಲೂ ಅದು ತನ್ನಷ್ಟಕ್ಕೆ ಓಡುತ್ತಿತ್ತು, ಇವಳು ಫೋಟೋ ಕತ್ತರಿಸುತ್ತಿದ್ದಳು. ಹೆಡ್‌ಫೋನು ಕೊರಳಲ್ಲಿ ಹಾರದಂತೆ ನೇತಾಡುತ್ತಿತ್ತು.

ಆಮೇಲೆ ಆ ಬಾಗಿದ ಅಕ್ಷರಗಳ ಸಾಲು. ಟೇಪಿನ ಹಿಂದೆ ಫ್ಯಾನಿನ ಗುಂಯ್ ಸದ್ದು, ಬಾಜೂ ಮನೆಯ ಹಿಟ್ಟಿನ ಗಿರಣಿ, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು, ಇವುಗಳ ನಡುವೆ ಮುದುಕಿಯ ದನಿ ಕೆಸರಿನಲ್ಲಿ ನಡೆದು ಬರುವಂತೆ ಬರುತ್ತಿತ್ತು. ದನಿ ತೊಳೆಯುವ ಹಳೆಯ ಗುಂಡಿಗಳಿಂದ ಆ ಸದ್ದು ಅರ್ಧ ಮಾತ್ರ ಹೋಗುತ್ತಿತ್ತು. ಬೀಟಾ ಸಾಲಿನಲ್ಲಿ 'ಹಿನ್ನೆಲೆಯ ಸದ್ದನ್ನು ತಾನೇ ಗುರುತಿಸಿ ತೆಗೆಯುತ್ತದೆ' ಎಂದು ಬರೆದಿತ್ತು. ತಾನೇ ಗುರುತಿಸುತ್ತದೆ ಎಂಬ ಮಾತಿನಲ್ಲಿ ಅವಳಿಗೆ ತನ್ನ ಅಜ್ಜಿಯ ಕತೆಗಳ ಮಾಯದ ಗಿಣಿಯೋ ಉಂಗುರವೋ ಕಂಡಿರಬೇಕು. ಒಂದು ಎಚ್ಚರಿಕೆ ಬಂತು, ಮೂಲದ ಪ್ರತಿ ಇಟ್ಟುಕೊಳ್ಳಿ ಎಂದು, ಓದದೆ ಒತ್ತಿದಳು. ಹಸಿರು ಪಟ್ಟಿ ತೆವಳಿತು. ಮುಗಿದ ಮೇಲೆ ಇನ್ನೊಂದು ಕಿಟಕಿ: ಇದು ಪರೀಕ್ಷೆಯಲ್ಲಿರುವ ಸೌಲಭ್ಯ, ನಮಗೆ ವರದಿ ಕಳಿಸುವಿರಾ? ಫೋನಿನ ತಂತಿ ಜೋಡಿಸಿ ಇಂಟರ್ನೆಟ್ಟು ಹಚ್ಚುವುದು ಅಭಿನಂದನನ ಅಪ್ಪಣೆಯಿಲ್ಲದೆ ಆಗದ ಕೆಲಸ. 'ಆಮೇಲೆ' ಎಂಬುದನ್ನು ಒತ್ತಿದಳು. ಮೊದಲ ನಾಲ್ಕು ಮಾತು ಕೇಳಿದಳು, ಕೊನೆಯ ನಾಲ್ಕು ಮಾತು ಕೇಳಿದಳು. ದನಿ ತೊಳೆದ ಬೆಳ್ಳಿಯಂತೆ ಬಂತು. ಅದೇ ಹೆಸರಿನಲ್ಲಿ, ಹಳೆಯದರ ಮೇಲೆಯೇ, ಉಳಿಸಿದಳು. ಬೀಗಿದಳು.

ನಿನ್ನೆ ಬುಧವಾರ ಆ ಸಿ.ಡಿ. ಹಿಡಿದು ತಾನೇ ಮೂಡಲಗಿಗೆ ಹೋಗಿದ್ದಳು. ಹೋಗಬೇಕಾಗಿರಲಿಲ್ಲ, ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಹೊಗಳಿಸಿಕೊಳ್ಳಲಿಕ್ಕೇ ಹೋದದ್ದೆಂದು ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತನಗೆ ತಾನೇ ಹೇಳಿಕೊಂಡಳು. ದೊಡ್ಡ ಮನೆ, ಹಾಸುಗಲ್ಲಿನ ಪಡಸಾಲೆ, ಗೋಡೆಯ ಮೇಲೆ ತೀರ್ಥಂಕರರ ಪಟ. ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುವ ಮನೆಯಾದ್ದರಿಂದ ಆಗಲೇ ತಾಟು ತೊಳೆಯುವ ಸದ್ದು. ಕಮಲಾಬಾಯಿಯ ಸೊಸೆ ನೀರು ತಂದುಕೊಟ್ಟು, "ಯಾರ ಪೈಕಿ ನೀ?" ಎಂದು ಕೇಳಿದಳು. ಸುಮ್ಮನೆ ಕೇಳಿದ್ದು, ಬೇಸಾಯದ ಬಗ್ಗೆ ಕೇಳುವ ಹಾಗೆ. ನಂದಿನಿ, "ಗೋಕಾಕ ಫಾಲ್ಸದಾಗ ಇರ್ತೇವ್ರಿ. ಅಪ್ಪಾ ಮಿಲ್ಲಿನಾಗ ಅದಾನ್ರಿ" ಎಂದಳು. ಅದು ಸುಳ್ಳಲ್ಲ. ಆದರೆ ಕೇಳಿದ್ದು ಅದನ್ನಲ್ಲ. ಅಜ್ಜಿಯ ಊರು ತುಕ್ಕಾನಟ್ಟಿಯ ಹೆಸರು ಹೇಳಿದ್ದರೆ, ಅಲ್ಲಿ ಇವರದೇ ನೆಂಟರ ಹೊಲದಲ್ಲಿ ಕಳೆ ಕೀಳುತ್ತಿದ್ದ ರಾಯವ್ವನ ಮೊಮ್ಮಗಳೆಂದು ಹೇಳಿದ್ದರೆ, ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ನೀರಿನ ಲೋಟ ಕೈಯಲ್ಲೇ ಬೆಚ್ಚಗಾಯಿತು. ಅಜ್ಜಿಯನ್ನು ಒಂದು ಮಾತಿನಲ್ಲಿ ಅಳಿಸಿಹಾಕಿದ್ದೆ ಎಂಬುದು ಆಗ ಹೊಳೆಯಲಿಲ್ಲ, ತಿರುಗಿ ಬರುವ ಬಸ್ಸಿನಲ್ಲಿ ಹೊಳೆಯಿತು. ಹಿನ್ನೆಲೆಯ ಸದ್ದನ್ನು ತಾನೇ ಗುರುತಿಸಿ ತೆಗೆಯುತ್ತದೆ.

ಸಿ.ಡಿ. ಹಾಕಿದರು. ಮೊಮ್ಮಗಳು ರೂಪಾಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತೊಟ್ಟಿಲಿನ ಪಕ್ಕ ಕೂತಿದ್ದಳು. ಒಂದೂರಾಗ ಒಬ್ಬ ರಾಜಾ ಇದ್ದ, ಅವನ ನಿದ್ದಿ ಕಳದು ಹೋಗಿತ್ತು, ಎಂದು ಕಮಲಾಬಾಯಿಯ ಹಳೆಯ, ಗಟ್ಟಿ, ಹಲ್ಲುಗಳಿದ್ದ ದನಿ ಪಡಸಾಲೆಯ ತುಂಬ ನಿಂತಿತು. ಪ್ರತಿ ಮಾತಿನ ಕೊನೆಗೆ ಎಳೆಯ ದನಿಯೊಂದು ಹೂಂ ಅನ್ನುತ್ತಿತ್ತು. ಅದು ಸಣ್ಣ ರೂಪಾಲಿ. ಎಲ್ಲರೂ ನಕ್ಕರು. "ಏ, ಹೆಂಗ ಹೂಂಗುಡತಾಳ ನೋಡ, ಪೋಲೀಸನ ಗತೆ" ಎಂದು ಸೊಸೆ ಮಗಳ ಕೆನ್ನೆ ಹಿಂಡಿದಳು. "ಈಗ ಎದುರಿಗೆ ಕೂತು ಹೇಳಿದಂಗ ಐತೆಲ್ಲಾ!" ಎಂದು ಯಾರೋ ಅಂದರು, ನಂದಿನಿಯ ಕಿವಿ ಬಿಸಿಯಾದವು. ರಾಜನ ದಾಸಿ ನಿದ್ದೆಯನ್ನು ಹುಡುಕಿಕೊಂಡು ಮನೆಮನೆಯ ಬಾಗಿಲು ಬಡಿಯತೊಡಗಿದಳು. ಎಳೆಯ ಹೂಂ ನಿಧಾನವಾಯಿತು, ಉದ್ದವಾಯಿತು, ನಿಂತಿತು. ಕತೆ ಮುಂದುವರಿಯಿತು. ದಾಸಿ ಕುಂಬಾರನ ಮನೆಗೆ ಹೋದಳು. ದಾಸಿ ಗಾಣಿಗನ ಮನೆಗೆ ಹೋದಳು. ಕಮಲಾಬಾಯಿ ಗೋಡೆಗೆ ಆನಿಸಿದ್ದ ತಲೆಯನ್ನು ಮುಂದಕ್ಕೆ ತಂದಳು. ಬಾಗಿಲಿನಲ್ಲಿ ಯಾರೋ ಬರುವುದಿದೆಯೆಂಬಂತೆ ಕಾಯುತ್ತಿದ್ದಳು. ಪ್ರತಿ ಮಾತಿನ ಕೊನೆಗೂ ಕಾದಳು. ಕೊನೆಗೆ ಕೈ ಎತ್ತಿದಳು.

"ಬಂದ್ ಮಾಡ್ರಿ ಅದನ್ನ."

"ಯಾಕ ಆಯಿ?" ಎಂದಳು ರೂಪಾಲಿ.

"ಯಾರೂ ಹೂಂ ಅನ್ನವಲ್ರು. ಆಕಿ ಹೆಂಗ ಹೇಳಾಕತ್ತಾಳ?"

"ಯಾರು?"

"ನಾ."

ಆಮೇಲೆ ಮುದುಕಿ ನಂದಿನಿಯ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಣ್ಣ ಮಗುವಿಗೆ ತಿಳಿಸಿ ಹೇಳುವಂತೆ ಹೇಳಿದಳು: "ಈಕಿ ನಿದ್ದಿ ಹೋದ್ಲು ನೋಡವ್ವಾ. ಕೂಸು ಮಲಗಿದ ಮ್ಯಾಲೆ ಕತಿ ನಿಂದರಬೇಕಿತ್ತು. ಹೂಂ ಅನ್ನೋರಿಲ್ಲದ ಕತಿ ಮುಂದ ಹೋಗೂದಿಲ್ಲ. ಆವಾಗ ಮೂಲ್ಯಾಗ ಕೂತ ಇವರ ಅಜ್ಜಾ ಹೂಂ ಅಂದ್ರು. ಕಡೀತನಾ ಅವರ ಅಂದ್ರು." ಅಜ್ಜ ಎಂದರೆ ಮುದುಕಿಯ ಗಂಡ ನೇಮಣ್ಣ, ಬೆಲ್ಲದ ದಲಾಲಿ ಮಾಡುತ್ತಿದ್ದ ಅಡತಿಯವರು, ತೀರಿಕೊಂಡವರು. "ಮಾತಾಡೋ ಮನಷ್ಯಾ ಅಲ್ಲವ್ವ ಅವರು. ಪ್ಯಾಟ್ಯಾಗ ವಸ್ತ್ರದ ತೆಳಗ ಬೆರಳ ಹಿಡದು ದರಾ ಮಾಡ್ತಿದ್ರು, ಬಾಯಿ ಬೇಕಾಗತಿದ್ದಿಲ್ಲ. ಮನ್ಯಾಗ ಆ ಬೆರಳೂ ಇಲ್ಲ." ಯಾರೋ ನಕ್ಕರು, ಮುದುಕಿಯೂ ನಕ್ಕಳು. "ಅವರ ದನಿ ಅಂತ ಉಳದದ್ದು ಅದೊಂದ. ಎಲ್ಲಿ ಹೋತು?"

ನಂದಿನಿಗೆ ಗೊತ್ತಿತ್ತು ಎಲ್ಲಿ ಹೋಯಿತೆಂದು. ಮೂಲೆಯಲ್ಲಿ, ಮೈಕಿನಿಂದ ದೂರ, ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ ಅಂದ ಹೂಂ. ಅದಕ್ಕೂ ಫ್ಯಾನಿಗೂ ಗಿರಣಿಗೂ ವ್ಯತ್ಯಾಸ ಆ ಹಸಿ ಯಂತ್ರಕ್ಕೆ ತಿಳಿದಿರಲಿಲ್ಲ. ಕೇಳಿದ್ದರೆ ಇವಳಿಗೆ ತಿಳಿಯುತ್ತಿತ್ತು. "ಕ್ಯಾಸೆಟ್ಟಿನಾಗ ಐತ್ರಿ ಆಯಿ. ಮತ್ತೊಮ್ಮೆ ಮಾಡಿ ತರ್ತೇನ್ರಿ. ಅಕ್ಕಾರು ಹುಕ್ಕೇರಿಗೆ ಹೋಗೋದ್ರಾಗ ಖರೇನ ತರ್ತೇನಿ" ಎಂದಳು. ರವಿವಾರ ಮುಂಜಾನೆ ಜೀಪು ಬರುತ್ತದೆ ಎಂದರು. ಚಹಾ ಕೊಟ್ಟರು, ಕುಡಿಯುವಾಗ ನಾಲಿಗೆ ಸುಟ್ಟುಕೊಂಡಳು, ಯಾರಿಗೂ ತೋರಿಸಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕಬ್ಬು, ಕಬ್ಬು, ಮತ್ತೆ ಕಬ್ಬು. ಹೂಂ ಅನ್ನೋರಿಲ್ಲದ ಕತಿ ಮುಂದ ಹೋಗೂದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವಳು ಬೆಳೆದದ್ದೇ ಅದರೊಳಗೆ. ಫಾಲ್ಸಿನ ಮಿಲ್ಲಿನ ಮನೆಯಲ್ಲಿ, ಹೊರಗೆ ನೀರಿನ ಮೊರೆತ ಯಾವಾಗಲೂ ಇದ್ದದ್ದರಿಂದ ಇಲ್ಲವೇ ಇಲ್ಲವೆನ್ನಿಸುವ ಜಾಗದಲ್ಲಿ, ರಾಯವ್ವ ಕೌದಿಯ ಮೇಲೆ ಕಾಲು ಚಾಚಿ, "ಹೂಂ ಅನ್ನು, ಇಲ್ಲಂದ್ರ ಕತಿ ಹಾದಿ ತಪ್ಪತೈತಿ" ಎನ್ನುತ್ತಿದ್ದಳು. ಹೂಂ ಅಂದರೆ ಕತ್ತಲಲ್ಲಿ ಕತೆಯ ಬೆರಳು ಹಿಡಿದುಕೊಂಡು ನಡೆದ ಹಾಗೆ. ರಾಜಕುಮಾರಿ ಹುತ್ತದ ಬಾಯಿಗೆ ಕೈ ಹಾಕಿದಾಗಿನ ಹೂಂ ಬೇರೆ, ಕೋತಿ ಕಿರೀಟ ಹಾಕಿಕೊಂಡಾಗಿನ ಹೂಂ ಬೇರೆ. ಆಮೇಲೆ ಅವಳು ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಪುಸ್ತಕದಲ್ಲಿ ಕೀಲಿಮಣೆಯ ಚಿತ್ರ ಬಿಡಿಸಿಟ್ಟುಕೊಂಡು ಅದರ ಮೇಲೆ ಬೆರಳಾಡಿಸುತ್ತಿರುವಾಗ ರಾಯವ್ವ ತಾನಾಗಿಯೇ ಕತೆ ಶುರುಮಾಡುತ್ತಿದ್ದಳು, ಇವಳು ಬೆರಳು ನಿಲ್ಲಿಸದೆ ಹೂಂ ಹೂಂ ಅನ್ನುತ್ತಿದ್ದಳು. ಒಂದು ಸಂಜೆ ರಾಯವ್ವ ಅದೇ ದನಿಯಲ್ಲಿ, "ಆಮ್ಯಾಲೆ ರಾಜಾ ತನ್ನ ಆನಿ ಮಡಚಿ ಕಿಸೆದಾಗ ಇಟಗೊಂಡ" ಎಂದಳು. ಹೂಂ, ಎಂದಳು ನಂದಿನಿ. "ರಾಣಿ ಅರಮನಿ ಉಟಗೊಂಡು ಸಂತಿಗೆ ಹೋದ್ಲು." ಹೂಂ. ತಲೆಯೆತ್ತಿ ನೋಡಿದರೆ ಅಜ್ಜಿ ಇವಳನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ, ಬಾಗಿಲು ತಪ್ಪಿ ಬೇರೆಯವರ ಮನೆಗೆ ಬಂದವಳ ಹಾಗೆ. ಆಮೇಲೆ ಅವಳು ಕತೆ ಹೇಳಲಿಲ್ಲ. ಕೇಳಿದರೆ, "ಮರತೇನವ್ವಾ" ಎನ್ನುತ್ತಿದ್ದಳು. ಮರೆತೇ ಸತ್ತಳು.

ಈ ದಿನ, ಗುರುವಾರ, ನಂದಿನಿ ಅಂಗಡಿಯ ಶಟರು ಎತ್ತಿದವಳೇ ಕಸ ಹೊಡೆಯದೆ, ಊದಿನಕಡ್ಡಿ ಹಚ್ಚದೆ, ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿದ್ದಳು. ಅಭಿನಂದನ ಮದುವೆಯೊಂದರ ಶೂಟಿಂಗಿಗೆ ಹೋಗಿದ್ದ, ಬರುವುದು ನಾಳೆ. ಅವನು ಬರುವುದರೊಳಗೆ ಎಲ್ಲ ಸರಿಮಾಡಿ ಏನೂ ಆಗದವಳಂತೆ ಕೂತಿರಬೇಕು. ಈ ಆಸೆಯೇ ಕೈಗೆ ಅವಸರ ತಂದಿತೇನೋ. ಕತೆಯಲ್ಲಿ ಕೂಸು ಮಲಗುವ ಜಾಗಕ್ಕೆ ಬೇಗ ಹೋಗಲೆಂದು ಮುಂದಕ್ಕೆ ಓಡಿಸಿದಳು, ನಿಲ್ಲಿಸಿದಳು, ಹಿಂದಕ್ಕೆ ಓಡಿಸಿದಳು. ಡೆಕ್ಕಿನ ಹೊಟ್ಟೆಯಲ್ಲಿ ಕರ್ ಎಂದಿತು. ಬಾಗಿಲು ತೆಗೆದರೆ ಕಂದು ರೀಲು ಒಳಗಿನ ಉರುಳೆಗಳಿಗೆಲ್ಲ ಸುತ್ತಿಕೊಂಡು, ನೆರಿಗೆಗಟ್ಟಿ, ಒಂದು ಕಡೆ ಹರಿದೇಹೋಗಿತ್ತು. ಅದನ್ನು ಪಿನ್ನಿನಿಂದ, ಉಗುರಿನಿಂದ, ಉಸಿರು ಹಿಡಿದು ಬಿಡಿಸಿದಳು. ಬಿಡಿಸಿದಷ್ಟೂ ಕೈತುಂಬ ಬಂತು, ಬಾವಿಯಿಂದ ಸೇದಿದಂತೆ. ಅಂಟಿಸಿ ಹಾಕಿ ನೋಡಿದಾಗ ರಾಜನೂ ದಾಸಿಯೂ ನೀರಿನೊಳಗಿಂದ ಗೊಗ್ಗರು ದನಿಯಲ್ಲಿ ಏನೋ ಕೂಗಿಕೊಂಡರು, ಅಷ್ಟೇ. ನೇಮಣ್ಣನ ಹೂಂ ಇದ್ದ ಜಾಗವೇ ನೆರಿಗೆಯಾಗಿತ್ತು.

ಹೊರಗೆ ಯಾರೋ ಬಂದು ಫೋಟೋ ತೆಗೀರಿ ಎಂದರು. ತೆಗೆದಳು. ನಗಬ್ಯಾಡ್ರಿ, ಬಾಯಿ ಮುಚ್ಚರಿ, ಇಲ್ಲಿ ನೋಡ್ರಿ. ಬಾಯಿ ಮುಚ್ಚಿದ ಮುಖ ನೋಡುತ್ತ ಅವಳಿಗೆ ವಿಚಾರವೊಂದು ಬಂತು. ಬಂದದ್ದಲ್ಲ, ಬೆಳಗಿನಿಂದ ಅಲ್ಲೇ ಸುಳಿಯುತ್ತಿತ್ತು. ಬೀಟಾ ಸಾಲಿನ ಒಳಗೆ ಇನ್ನೊಂದು ಸಾಲಿತ್ತು, ದನಿಯ ವಯಸ್ಸು ಬದಲಿಸುವುದು. ಅವಳು ಮೈಕು ಹಿಡಿದು ಬಾಯಿ ಮುಚ್ಚಿ ಹೂಂ ಅಂದಳು. ಯಂತ್ರ ಅದನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಸಿತು. ಮುದುಕನೊಬ್ಬ ಪ್ಲೈವುಡ್ಡಿನ ಗೂಡಿನೊಳಗೆ ಬಂದು ಕೂತ. ಅವನನ್ನು ದಾಸಿಯ ಹಿಂದೆ ಹಾಕಿದಳು. ಕುಂಬಾರನ ಮನೆಯಲ್ಲಿ ಒಂದು ಹೂಂ, ಗಾಣಿಗನ ಮನೆಯಲ್ಲಿ ಒಂದು ಹೂಂ, ಒಂದನ್ನೇ ನಕಲು ಮಾಡಿ ಮಾಡಿ ಎಲ್ಲ ಕಡೆ ಹಚ್ಚಿದಳು. ಕೇಳಿದರೆ ತಪ್ಪೇನೂ ಕಾಣಿಸಲಿಲ್ಲ. ದಾಸಿ ಮುಳ್ಳಿನ ಬೇಲಿ ದಾಟಿದಾಗಲೂ ಅದೇ ಹೂಂ, ಕುರಿಗಳು ಅವಳ ಸೀರೆಯ ಸೆರಗು ಮೇಯ್ದಾಗಲೂ ಅದೇ ಹೂಂ. ರಾಜ ತನ್ನ ಆನೆ ಮಡಚಿ ಕಿಸೆಯಲ್ಲಿಟ್ಟುಕೊಂಡಿದ್ದರೂ ಅದೇ ಹೂಂ ಬರುತ್ತಿತ್ತು. ಅವಳು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಎಸೆದಳು. ಅದರೊಳಗಿಂದ ಸಣ್ಣಗೆ, ಕತೆ ಕೇಳದೆಯೇ ಹೂಂ ಅನ್ನುವ ತನ್ನದೇ ದನಿ ಬರುತ್ತಲೇ ಇತ್ತು.

ಶುಕ್ರವಾರ ಅಭಿನಂದನ ಬಂದ, ಕಣ್ಣು ಕೆಂಪಾಗಿ, ಕೊರಳಲ್ಲಿ ಇನ್ನೂ ಯಾರೋ ಹಾಕಿದ ಹೂವಿನ ಎಸಳು. ಅವಳು ಎಲ್ಲ ಹೇಳಿದಳು. ಅವನು ತಲೆ ಕೆರೆದುಕೊಂಡ. ಆಮೇಲೆ ಅವಳು ಅಳಿಸದೆ ಬಿಟ್ಟಿದ್ದ ಸುಳ್ಳು ಮುದುಕನನ್ನು ಕೇಳಿ ಮೆಚ್ಚಿದ.

"ಛೊಲೋ ಬಂದೈತೆಲ್ಲ. ಇದನ್ನ ಕೊಟ್ಟ ಬಿಡು."

"ಅವರಿಗೆ ತಿಳೀತೈತ್ರಿ ಅಣ್ಣಾ."

"ಏನ ತಿಳೀತೈತಿ? ಹೂಂ ಅಂದ್ರ ಹೂಂ. ನನ್ನ ಹೂಂಗೂ ನಿನ್ನ ಹೂಂಗೂ ಏನ ಮುದ್ರಿ ಹೊಡದಿರತೈತಿ? ಮುದಿಕಿಗೆ ಕಿವೀನೂ ಅಷ್ಟಕ್ಕಷ್ಟ."

"ನಿಮ್ಮ ಮದುವಿ ಕ್ಯಾಸೆಟ್ಟಿನಾಗ ನಿಮ್ಮ ಹೆಂಡತಿ ಮಾರಿ ತಗದು ಬ್ಯಾರೆ ಮಾರಿ ಕೂಡಿಸ್ಲೇನ್ರಿ ಹಂಗಾರ?"

ಅವನು ಅವಳನ್ನು ನೋಡಿದ. ಹೀಗೆ ಮಾತಾಡುವ ಹುಡುಗಿಯಲ್ಲ. "ಕೂಡಿಸು ಮಾರಾಯ್ತಿ, ಉಪಕಾರ ಆಗತೈತಿ" ಎಂದು ನಕ್ಕು, ಮುಖ ತೊಳೆಯಲು ಹೋದ. ಹೋಗುತ್ತ ಹೇಳಿದ, "ಹಸೀ ಐತಿ ಅಂತ ಹೇಳಿದ್ನಿಲ್ಲೋ? ಅದನ್ನ ಮಾಡಿದವರಿಗಾದ್ರೂ ತಿಳಸು, ಹಿಂಗ ಹಿಂಗ ಮನಷ್ಯಾರ ದನೀನ ತಿಂತೈತಿ ಅಂತ. ಫೋನ್ ಹಚ್ಚು, ಇವತ್ತ ಅಡ್ಡಿಯಿಲ್ಲ."

ಅವನ ಮಾತಿಗೆ, ಹೆಚ್ಚು ಕಡಿಮೆ ಸಿಟ್ಟಿನಿಂದಲೇ, ಅವಳು ಆ ಕಿಟಕಿಯನ್ನು ಹುಡುಕಿ ತೆಗೆದಳು. ನಮಗೆ ವರದಿ ಕಳಿಸುವಿರಾ? ಈ ಸಲ 'ಆಮೇಲೆ' ಒತ್ತದೆ ಕೆಳಗಿದ್ದ ಸಣ್ಣ ಅಕ್ಷರಗಳನ್ನು ಓದಿದಳು. ಪರೀಕ್ಷೆಯ ಅವಧಿಯಲ್ಲಿ, ತೆಗೆದುಹಾಕಿದ ಸದ್ದಿನ ತುಣುಕುಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲಾಗಿದೆ. ವರದಿಯ ಜೊತೆ ಅವೂ ಬರುತ್ತವೆ. ಕಳಿಸಿದ ಬಳಿಕ ಅಳಿಸಲಾಗುವುದು. ಅವಳು ಮೌಸಿನಿಂದ ಬೆರಳು ತೆಗೆದಳು. ಮೊದಲ ದಿನವೇ ಒಳ್ಳೆಯ ಹುಡುಗಿಯಂತೆ ಕಳಿಸಿದ್ದರೆ ನೇಮಣ್ಣ ಯಾವುದೋ ದೇಶದ ಯಾವುದೋ ಆಫೀಸಿಗೆ ಹೋಗಿ ಇಲ್ಲಿ ಪೂರ್ತಿ ಇಲ್ಲವಾಗಿರುತ್ತಿದ್ದ. ಕಿಟಕಿ ಹೇಳಿದ ಜಾಗಕ್ಕೆ ಹೋದಳು. ಹೆಸರಿಲ್ಲದ ಒಂದು ಕಡತ. ಒತ್ತಿದಳು. ಫ್ಯಾನಿನ ಗುಂಯ್, ಚೂರು ಗಿರಣಿ, ಟ್ರ್ಯಾಕ್ಟರಿನ ಬಾಲ, ಯಾರದೋ ಬಳೆ, ಮತ್ತೆ ಫ್ಯಾನು. ಯಂತ್ರ ಮೌನವನ್ನೆಲ್ಲ ಕತ್ತರಿಸಿ ಬರೀ ತುಣುಕುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿತ್ತು, ಆದ್ದರಿಂದ ಅದು ಊರಿನ ಕಸವನ್ನೆಲ್ಲ ಒಂದು ಬುಟ್ಟಿಯಲ್ಲಿ ತುಂಬಿದಂತಿತ್ತು. ಆ ಕಸದ ನಡುವಿನಿಂದ, ಸಣ್ಣಗೆ, ಗಂಟಲಲ್ಲಿ ಸ್ವಲ್ಪ ಕಫ ಇದ್ದ ಗಂಡಸೊಬ್ಬ ಹೂಂ ಅಂದ.

ಅವಳು ಎದ್ದು ಹೋಗಿ ಅಂಗಡಿಯ ಮುಂದೆ ನಿಂತು ಬಸ್ಸು ತಿರುಗುವುದನ್ನು ನೋಡಿ ಬಂದಳು.

ಕೆಲಸ ಆಮೇಲೆ ಶುರುವಾಯಿತು. ತುಣುಕುಗಳಿಗೆ ಅನುಕ್ರಮವಿತ್ತು, ಜಾಗವಿರಲಿಲ್ಲ. ಯಾವ ಹೂಂ ಯಾವ ಮಾತಿಗೆ ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಾಗುವ ಸಂಗತಿಯೂ ಅದಲ್ಲ. ಇದ್ದ ದಾರಿ ಒಂದೇ, ಕತೆಯನ್ನು ಕೇಳುವುದು. ಅವಳು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು, ಮೊದಲಿನಿಂದ, ಫೋಟೋ ಕತ್ತರಿಸದೆ. ಶುಕ್ರವಾರ ಹೋಯಿತು, ಶನಿವಾರ ಬಂತು. ಮುಂದೆ ಗಿರಾಕಿಗಳನ್ನು ಅಭಿನಂದನನೇ ನೋಡಿಕೊಂಡ, ಗೊಣಗುತ್ತ. ದಾಸಿ ಎಲ್ಲ ಮನೆಗಳಲ್ಲೂ ನಿದ್ದೆಯನ್ನು ಕೇಳಿ ಸೋತು ಕೊನೆಗೆ ಕುರುಬನ ಹಟ್ಟಿಗೆ ಬಂದಳು. ರಾಜನ ನಿದ್ದೆ ಅಲ್ಲಿ ಕುರುಬನ ಕಂಬಳಿಯೊಳಗೆ ಬೆಚ್ಚಗೆ ಅಡಗಿ ಕೂತಿತ್ತು. ಯಾಕೆ ಬಂದೆ ಇಲ್ಲಿಗೆ ಎಂದು ದಾಸಿ ಕೇಳಿದರೆ, ಅರಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ ಎಂದಿತು ನಿದ್ದೆ. ಇಲ್ಲಿ ಕಮಲಾಬಾಯಿಯ ದನಿ ಸ್ವಲ್ಪ ತಡೆಯುತ್ತಿತ್ತು. ಎಷ್ಟೋ ವರ್ಷಗಳ ಹಿಂದಿನ ಆ ತಡೆಯುವಿಕೆಯಲ್ಲಿ ನಂದಿನಿಯ ಬಾಯಿಂದ, ಮುಚ್ಚಿದ ಬಾಯಿಂದ, ಅವಳಿಗೆ ಗೊತ್ತಿಲ್ಲದೆ ಹೂಂ ಬಂತು. ಕಣ್ಣು ತೆರೆದಳು. ಬುಟ್ಟಿಯಲ್ಲಿ ಅನುಕ್ರಮದಲ್ಲಿ ಮುಂದಿದ್ದ ತುಣುಕನ್ನು ತಂದು ಆ ಜಾಗದಲ್ಲಿಟ್ಟಳು. ಕೂತಿತು. ಸ್ವಲ್ಪ ತಡವಾಗಿ, ಒಪ್ಪಲೋ ಬೇಡವೋ ಎಂಬಂಥ ಹೂಂ.

ಹಾಗೆ ಇಡುತ್ತ ಇಡುತ್ತ ಅವಳು ಆ ಮನುಷ್ಯನ ಜೊತೆ ಎರಡು ದಿನ ಕಳೆದಳು. ಮೊದಮೊದಲಿನವು ಚಿಕ್ಕವು, ಕೂಸಿನ ಕೆಲಸ ತಾನು ಮಾಡಬೇಕಾಯಿತಲ್ಲ ಎಂಬ ಸಂಕೋಚದವು. ಮುಳ್ಳಿನ ಬೇಲಿಯಲ್ಲಿ ಒಂದು ಬಿಗಿಯಾದದ್ದು. ಕುರಿಗಳು ಸೆರಗು ಮೇಯ್ದಾಗಿನದು ಹೂಂ ಅಲ್ಲ, ಮೂಗಿನಿಂದ ತಪ್ಪಿಸಿಕೊಂಡ ನಗೆ. ಬರುಬರುತ್ತ ಅವನು ಮರೆತಿದ್ದ, ತಾನು ಅಡತಿಯ ನೇಮಣ್ಣನೆಂಬುದನ್ನು, ಮೊಮ್ಮಗಳು ಮಲಗಿದ್ದಾಳೆಂಬುದನ್ನು, ಮೈಕೊಂದು ಇದೆಯೆಂಬುದನ್ನು. ಮಾತು ಮುಗಿಯುವ ಮೊದಲೇ ಹೂಂ ಬರುತ್ತಿತ್ತು. ಹೇಳುವವಳಿಗೂ ಗೊತ್ತಾಗಿತ್ತು; ಅವಳ ದನಿ ಕೂಸಿಗೆ ಹೇಳುವ ದನಿಯಾಗಿ ಉಳಿದಿರಲಿಲ್ಲ, ತಗ್ಗಿತ್ತು. ನಂದಿನಿಗೆ ಇನ್ನೊಬ್ಬರ ಕೋಣೆಯಲ್ಲಿ ನಿಂತಂತಾಗಿ ಹೆಡ್‌ಫೋನು ತೆಗೆಯಬೇಕೆನಿಸಿತು, ತೆಗೆಯಲಿಲ್ಲ. ಹೀಗೆ ಯಾರಾದರೂ ತನ್ನ ಹೂಂಗಳನ್ನು ಹೆಕ್ಕಿ ನೋಡಿದ್ದರೆ? ಮೊದಲಿನವು ಹುತ್ತದ ಮುಂದಿನವು, ಕೋತಿಯ ಕಿರೀಟದವು. ಆಮೇಲಿನವು ಫ್ಯಾನಿನ ಸದ್ದು. ಅವನ್ನು ಯಂತ್ರ ತೆಗೆದಿದ್ದರೆ ತಪ್ಪೇನಿರಲಿಲ್ಲ.

ಶನಿವಾರ ಸಂಜೆಯ ಹೊತ್ತಿಗೆ ಕತೆ ತುಂಬಿತು. ರಾಜ ಅರಮನೆ ಬಿಟ್ಟು ಹಟ್ಟಿಗೆ ನಡೆದುಬಂದ, ಕುರುಬನ ಪಕ್ಕದಲ್ಲಿ ಅದೇ ಕಂಬಳಿ ಹೊದ್ದು ಮಲಗಿದ. ಅಲ್ಲಿಗೊಂದು ಹೂಂ. ಆದರೆ ಬುಟ್ಟಿಯಲ್ಲಿ ಇನ್ನೊಂದು ಉಳಿದಿತ್ತು. ಎಲ್ಲೋ ಒಂದು ಜಾಗ ಬಿಟ್ಟಿರಬೇಕೆಂದು ಎಲ್ಲವನ್ನೂ ಒಂದೊಂದು ಮಾತು ಹಿಂದಕ್ಕೆ ಸರಿಸಿ ನೋಡಿದಳು. ನಗೆ ಮುಳ್ಳುಬೇಲಿಗೆ ಹೋಗಿ ಬಿತ್ತು. ಮತ್ತೆ ಮುಂದಕ್ಕೆ ತಂದಳು. ಉಳಿದದ್ದು ಉಳಿದೇ ಇತ್ತು. ಅದು ಬೇರೆ ಎಲ್ಲದಕ್ಕಿಂತ ಮೆತ್ತಗಿನದು. ಅದರ ಮುಂಚೆ ಗಾಳಿಯಂಥ ಒಂದು ಗುಸುಗುಸು, ಮಾತೋ ಸೀರೆಯ ಸದ್ದೋ, ಎಷ್ಟು ಸಲ ಕೇಳಿದರೂ ತಿಳಿಯಲಿಲ್ಲ. ಕತೆ ಮುಗಿದ ಮೇಲೆ ಯಾರು ಯಾಕೆ ಹೂಂ ಅನ್ನುತ್ತಾರೆ? ಎಸೆಯಲು ಮನಸ್ಸಾಗಲಿಲ್ಲ, ಒಂದೂ ಬಿಡಬೇಡ ಎಂದಿದ್ದರು. ಕತೆಯಾದ ನಂತರದ ಖಾಲಿಯಲ್ಲಿ, ಗುಸುಗುಸುವಿಗೆ ಹಿಡಿಯುವಷ್ಟು ಜಾಗ ಖಾಲಿ ಬಿಟ್ಟು, ಆ ಹೂಂ ಒಂದನ್ನೇ ಇಟ್ಟಳು. ಅಭಿನಂದನನ ಮುಂದೆಯೇ ವರದಿಯ ಕಿಟಕಿ ತೆಗೆದು ಬರೆದಳು, ಅವಳಿಗೆ ಬರುವ ಇಂಗ್ಲಿಷಿನಲ್ಲಿ: ನಿಮ್ಮ ಈ ಸೌಲಭ್ಯ ಕೇಳುವವರನ್ನು ಸದ್ದೆಂದು ತಿಳಿಯುತ್ತದೆ. ತುಣುಕುಗಳ ಪ್ರತಿ ಮಾಡಿಟ್ಟುಕೊಂಡು, ಕಳಿಸಿದಳು.

ರವಿವಾರ ಮೂಡಲಗಿಯ ಮನೆಯ ಮುಂದೆ ಜೀಪು ನಿಂತಿತ್ತು. ತೊಟ್ಟಿಲು ಬಿಚ್ಚಿ ಹಗ್ಗ ಸುತ್ತಿ ಮೇಲೆ ಕಟ್ಟಿದ್ದರು. ಹೊಸ ಸೀರೆಯಲ್ಲಿ ರೂಪಾಲಿ, ಅವಳ ತೋಳಿನಲ್ಲಿ ಕಾಡಿಗೆ ಹಚ್ಚಿದ ಕೂಸು, ಹುಕ್ಕೇರಿಯಿಂದ ಬಂದ ಬೀಗರು, ಚೀಲಗಳು. ಹೊತ್ತಾಗತೈತಿ ಎಂದು ಯಾರೋ, ಒಂದ ನಿಮಿಷ ತಡೀರಿ ಎಂದು ಯಾರೋ. ಸೊಸೆ ಬಂದು, "ಬಾರವ್ವ, ಫಾಲ್ಸಿನಾಕಿ" ಎಂದಳು. ನಂದಿನಿ ಚಪ್ಪಲಿ ಬಿಡುತ್ತ, "ತುಕ್ಕಾನಟ್ಟಿಯವರ್ರಿ ನಾವು. ರಾಯವ್ವನ ಮೊಮ್ಮಗಳು" ಎಂದಳು. ಸೊಸೆಯ ಕಣ್ಣು ಒಂದು ಕ್ಷಣ ಅವಳ ಪಾದದ ಮೇಲೆ, ಹೊಸ್ತಿಲ ಮೇಲೆ ನಿಂತು, ಬೇರೆ ಕಡೆ ಹೋಯಿತು. ಒಳಗಿನಿಂದ ಕಮಲಾಬಾಯಿ, "ಯಾವ ರಾಯವ್ವ? ಹಾಡ ಹೇಳತಿದ್ದಾಕಿ?" ಎಂದು ಕೂಗಿ ಕೇಳಿದಳು. "ಕತಿ ಹೇಳತಿದ್ಲ್ರಿ" ಎಂದಳು ನಂದಿನಿ. "ಹಂಗಾರ ಒಳಗ ಬಾ. ಅಲ್ಲೇನ ನಿಂದರತಿ?"

ಸಿ.ಡಿ. ಹಾಕಿದರು. ಜೀಪಿನವನು ಹಾರ್ನು ಹೊಡೆದ, ಯಾರೋ ಹೋಗಿ ಬೈದು ಬಂದರು. ಎಳೆಯ ಹೂಂ ಬಂತು, ಉದ್ದವಾಯಿತು, ನಿಂತಿತು. ದಾಸಿ ಕುಂಬಾರನ ಬಾಗಿಲು ಬಡಿದಳು. ಮೂಲೆಯಿಂದ ನೇಮಣ್ಣ ಹೂಂ ಅಂದ. ಕಮಲಾಬಾಯಿ ಕಣ್ಣು ಮುಚ್ಚಿದಳು. ಆಮೇಲೆ ಅವಳು ಯಾರ ಕಡೆಯೂ ನೋಡಲಿಲ್ಲ. ಮುಳ್ಳುಬೇಲಿಯಲ್ಲಿ ಅವಳ ಕೈ ಸೆರಗು ಹಿಡಿಯಿತು, ಕುರಿಗಳ ಕಡೆ ಬಂದಾಗ ತುಟಿ ಒಂದು ಕಡೆ ಎಳೆಯಿತು. ನಂದಿನಿ ಬಾಗಿಲ ಪಕ್ಕ ಕೂತು ಒಂದೊಂದು ಹೂಂಗೂ ಉಗುರು ಕಚ್ಚಿದಳು. ಒಂದಾದರೂ ತಪ್ಪು ಜಾಗದಲ್ಲಿದ್ದರೆ ಈ ಮುಖದ ಮೇಲೆ ಕಾಣುತ್ತದೆ ಎಂದು ಕಾದಳು. ಕಾಣಲಿಲ್ಲ. ರಾಜ ಕಂಬಳಿ ಹೊದ್ದ. ಕತೆ ಮುಗಿಯಿತು. ಬೀಗರು ಎದ್ದರು, ಚೀಲ ಎತ್ತಿದರು, ರೂಪಾಲಿ ಸಿ.ಡಿ. ತೆಗೆಯಲು ಕೈ ಚಾಚಿದಳು.

"ತಡಿ" ಎಂದಳು ಕಮಲಾಬಾಯಿ.

ರೂಪಾಲಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮುದುಕಿ ಕಣ್ಣು ತೆರೆಯದೆ, ಮಲಗಿದ ಕೂಸು ಎಚ್ಚರಾಗದಂತೆ ಹೇಳುವ ದನಿಯಲ್ಲಿ, ಗಾಳಿಯಷ್ಟು ಸಣ್ಣಗೆ ಹೇಳಿದಳು: "ಕತಿ ಆತು. ದೀಪಾ ಸಣ್ಣ ಮಾಡಿ ಮಲಗ್ರಿ ಇನ್ನ."

"ಹೂಂ" ಎಂದಿತು ಪೆಟ್ಟಿಗೆ.

ನಂದಿನಿ ಎದ್ದು ಹೋಗಿ ಗುಂಡಿ ಒತ್ತಿ, ಬೆಚ್ಚಗಾಗಿದ್ದ ಸಿ.ಡಿ.ಯನ್ನು ಅಂಚು ಹಿಡಿದು ತೆಗೆದು, ಲಕೋಟೆಯಲ್ಲಿಟ್ಟು ರೂಪಾಲಿಯ ಕೈಯಲ್ಲಿ ಕೊಟ್ಟಳು.